ಡ್ರೋನ್ ರೆಕ್ಕೆ: ಹಾಕುವಾಗ, ತೆಗೆಯುವಾಗ

ಡ್ರೋನ್ ಒಳಗೆ ಜಿಪಿಎಸ್ ಇದೆ, ಕ್ಯಾಮೆರಾ ಇದೆ, ತನ್ನ ಮೈ ಎತ್ತ ವಾಲುತ್ತಿದೆ ಎಂದು ಸೆಕೆಂಡಿಗೆ ಸಾವಿರಾರು ಸಲ ಅಳೆದುಕೊಳ್ಳುವ ಜೈರೋಸ್ಕೋಪ್ ಇದೆ. ಇವನ್ನೆಲ್ಲ ಕೂಡಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಕೊಂಡವರ ಕೈಗೆ ಉಳಿಯುವುದು ಎರಡೇ ಕೆಲಸ: ಬ್ಯಾಟರಿ ಹಾಕಿ ತೆಗೆಯುವುದು, ಪ್ರೊಪೆಲ್ಲರ್ ಎಂಬ ರೆಕ್ಕೆಯನ್ನು ಹಾಕಿ ತೆಗೆಯುವುದು. ಎರಡೂ ಸೇರಿ ಐದು ನಿಮಿಷ ಹಿಡಿಯಬಹುದು. ಬೆರಳು ಕುಯ್ದುಕೊಳ್ಳುವುದು, ನೆಲ ಬಿಡುವ ಮೊದಲೇ ಯಂತ್ರ ಮಗುಚುವುದು, ಹಾರುತ್ತಿರುವಾಗಲೇ ರೆಕ್ಕೆ ಕಳಚಿ ಹೋಗುವುದು, ಇಂಥ ಎಷ್ಟೋ ಅವಘಡಗಳ ಬೇರು ಹುಡುಕಿದರೆ ಸಿಗುವುದು ಆ ಐದು ನಿಮಿಷದಲ್ಲೇ. ಆದ್ದರಿಂದ ಆ ಕೆಲಸದ ಹಿಂದಿರುವ ವಿಜ್ಞಾನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ವೇಗ. ಮದುವೆ ಚಿತ್ರೀಕರಣಕ್ಕೆ ಬಳಸುವ ಮಧ್ಯಮ ಗಾತ್ರದ ಡ್ರೋನ್‌ನ ರೆಕ್ಕೆ ತುದಿಯಿಂದ ತುದಿಗೆ ಸುಮಾರು 25 ಸೆಂಟಿಮೀಟರ್. ಅದು ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ ಎಂದು ಹಿಡಿಯೋಣ, ಅಂದರೆ ಸೆಕೆಂಡಿಗೆ 100 ಸುತ್ತು. ಒಂದು ಸುತ್ತಿಗೆ ರೆಕ್ಕೆಯ ತುದಿ ಸುಮಾರು 80 ಸೆಂಟಿಮೀಟರ್ ದಾರಿ ಕ್ರಮಿಸುತ್ತದೆ. ಸೆಕೆಂಡಿಗೆ 80 ಮೀಟರ್ ಆಯಿತು. ಗಂಟೆಗೆ ಲೆಕ್ಕ ಹಾಕಿದರೆ 280 ಕಿಲೋಮೀಟರ್ ದಾಟುತ್ತದೆ. ರೇಸಿಂಗ್‌ಗೆ ಕಟ್ಟಿಕೊಳ್ಳುವ ಐದಿಂಚಿನ ಪುಟ್ಟ ರೆಕ್ಕೆ ಇನ್ನೂ ಉಗ್ರ. ಅದು ನಿಮಿಷಕ್ಕೆ 25,000 ಸುತ್ತು ಹೊಡೆಯುವಾಗ ತುದಿಯ ವೇಗ ಗಂಟೆಗೆ 600 ಕಿಲೋಮೀಟರ್ ಹತ್ತಿರ ಬರುತ್ತದೆ. ತೆಳ್ಳಗಿನ ಪ್ಲಾಸ್ಟಿಕ್, ಕೈಯಲ್ಲಿ ಹಿಡಿದರೆ ಬಾಗುತ್ತದೆ, ಏನು ಮಾಡೀತು ಎಂದು ಅನ್ನಿಸುವುದು ಸಹಜ. ಆದರೆ ತಿರುಗುವಾಗ ಅದು ಬಾಗುವುದಿಲ್ಲ. ಮೊದಲು ಹೇಳಿದ ರೆಕ್ಕೆಯ ತುದಿಯಲ್ಲಿರುವ ಒಂದು ಗ್ರಾಂ ಪ್ಲಾಸ್ಟಿಕ್ಕನ್ನು ಹೊರಗೆ ಸಿಡಿಯದಂತೆ ಹಿಡಿದಿಡಲು ಸುಮಾರು 5 ಕಿಲೋ ತೂಕದಷ್ಟು ಎಳೆತ ಬೇಕು. ಆ ಎಳೆತವೇ ರೆಕ್ಕೆಯನ್ನು ನೆಟ್ಟಗೆ, ಬಿಗಿಯಾಗಿ ನಿಲ್ಲಿಸುತ್ತದೆ.

2015ರ ಮೇ ತಿಂಗಳಲ್ಲಿ ಮೆಕ್ಸಿಕೋದ ತಿಹುವಾನಾ ನಗರದ ಸಂಗೀತ ಕಾರ್ಯಕ್ರಮದಲ್ಲಿ ಗಾಯಕ ಎನ್ರಿಕೆ ಇಗ್ಲೇಸಿಯಾಸ್ ಹಾರುತ್ತಿದ್ದ ಡ್ರೋನ್‌ಗೆ ಕೈಹಾಕಿ ಬೆರಳುಗಳನ್ನು ಕುಯ್ದುಕೊಂಡರು. ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಅದೇ ವರ್ಷ ಇಂಗ್ಲೆಂಡಿನ ವುಸ್ಟರ್‌ಶೈರ್‌ನಲ್ಲಿ ಮನೆಯ ಮುಂದೆ ಹಾರಿಸುತ್ತಿದ್ದ ಡ್ರೋನ್ ಮರಕ್ಕೆ ತಾಗಿ ದಿಕ್ಕು ತಪ್ಪಿತು. ಅದರ ರೆಕ್ಕೆ ತಗುಲಿ ಇನ್ನೂ ಎರಡು ವರ್ಷ ತುಂಬದ ಮಗುವೊಂದು ಒಂದು ಕಣ್ಣನ್ನೇ ಕಳೆದುಕೊಂಡಿತು. ರೆಕ್ಕೆಗೆ ಕೊಡಬೇಕಾದ ಗೌರವ ಎಷ್ಟು ಎಂದು ತಿಳಿಯಲು ಈ ಎರಡು ಘಟನೆ ಸಾಕು.

ಈಗ ಹಾಕುವ ವಿಷಯ. ನಾಲ್ಕು ಮೋಟಾರಿನ ಡ್ರೋನ್‌ನಲ್ಲಿ ಎರಡು ಮೋಟಾರುಗಳು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಬಲಸುತ್ತು ತಿರುಗುತ್ತವೆ, ಇನ್ನೆರಡು ಎಡಸುತ್ತು. ಒಂದೇ ದಿಕ್ಕಿಗೆ ತಿರುಗುವ ಜೋಡಿ ಕರ್ಣರೇಖೆಯಲ್ಲಿ, ಮೂಲೆಯಿಂದ ಮೂಲೆಗೆ ಇರುತ್ತದೆ. ಮೋಟಾರು ರೆಕ್ಕೆಯನ್ನು ಒಂದು ಕಡೆಗೆ ತಿರುಗಿಸಿದಾಗ ಗಾಳಿಯ ತಡೆಯಿಂದಾಗಿ ಡ್ರೋನ್‌ನ ಮೈ ಇನ್ನೊಂದು ಕಡೆಗೆ ತಿರುಗಲು ನೋಡುತ್ತದೆ. ನಾಲ್ಕೂ ಒಂದೇ ಕಡೆ ತಿರುಗಿದ್ದರೆ ಯಂತ್ರ ಗಾಳಿಯಲ್ಲಿ ಬುಗುರಿಯಾಗುತ್ತಿತ್ತು. ಎರಡು ಜೋಡಿಗಳು ಎದುರುಬದುರಾಗಿ ತಿರುಗುವುದರಿಂದ ಆ ತಿರುಚು ರದ್ದಾಗುತ್ತದೆ. ಮೂತಿಯನ್ನು ಬೇಕೆಂದೇ ತಿರುಗಿಸಬೇಕಾದಾಗ ಒಂದು ಜೋಡಿಯ ವೇಗ ಹೆಚ್ಚಿಸಿ ಇನ್ನೊಂದರದ್ದು ತಗ್ಗಿಸಿದರಾಯಿತು. ಇಷ್ಟು ಸರಳ ಉಪಾಯಕ್ಕೆ ತೆರಬೇಕಾದ ಬೆಲೆ ಒಂದಿದೆ: ರೆಕ್ಕೆಗಳಲ್ಲೂ ಬಲ, ಎಡ ಎಂಬ ಎರಡು ಜಾತಿ ಬೇಕು. ಪೆಟ್ಟಿಗೆಯಲ್ಲಿ ಅವು ನೋಡಲು ಒಂದೇ ತರ ಇರುತ್ತವೆ.

ಗುರುತಿಸಲು ಕಂಪನಿಗಳು ಬಿಳಿ ಉಂಗುರ, ಬೂದು ಗೆರೆ, ಕಪ್ಪು ಮತ್ತು ಬೆಳ್ಳಿ ಬಣ್ಣದ ಟೋಪಿ ಹೀಗೆ ಏನಾದರೊಂದು ಗುರುತು ಹಾಕಿರುತ್ತವೆ. ಗುರುತಿನ ರೆಕ್ಕೆ ಗುರುತಿನ ಮೋಟಾರಿಗೆ ಎನ್ನುವುದು ನಿಯಮ. ಗುರುತು ಅಳಿಸಿಹೋಗಿದ್ದರೆ ರೆಕ್ಕೆಯನ್ನೇ ಓದಬಹುದು. ರೆಕ್ಕೆಯನ್ನು ಅಕ್ಷರ, ಅಂಕಿ ಕೆತ್ತಿರುವ ಮುಖ ಮೇಲೆ ಬರುವಂತೆ ಅಂಗೈ ಮೇಲೆ ಇಟ್ಟುಕೊಳ್ಳಿ. ಒಂದು ಅಲಗಿನ ಎರಡು ಅಂಚುಗಳನ್ನು ಬೆರಳಿನಿಂದ ಸವರಿ. ಒಂದು ಅಂಚು ದಪ್ಪಗೆ, ಗುಂಡಗೆ ಇದ್ದು ಸ್ವಲ್ಪ ಎತ್ತರದಲ್ಲಿರುತ್ತದೆ. ಇನ್ನೊಂದು ತೆಳ್ಳಗಿದ್ದು ಕೆಳಗಿಳಿದಿರುತ್ತದೆ. ದಪ್ಪ ಅಂಚು ಗಾಳಿಯನ್ನು ಮೊದಲು ಸೀಳಬೇಕು. ಅದು ಮುಂದಾಗುವಂತೆ ತಿರುಗಿಸಿ ನೋಡಿದರೆ ಆ ರೆಕ್ಕೆ ಬಲಸುತ್ತಿನದೋ ಎಡಸುತ್ತಿನದೋ ಎಂದು ಆಗಲೇ ಗೊತ್ತಾಗುತ್ತದೆ. ರೆಕ್ಕೆ ಹಾಕುವ ಮುನ್ನ ಇದನ್ನು ಕೈಯಲ್ಲಿ ಮಾಡಿ ನೋಡುವ ಅಭ್ಯಾಸ ಒಳ್ಳೆಯದು, ಗುರುತು ಸ್ಪಷ್ಟವಾಗಿ ಇದ್ದರೂ.

ಇಲ್ಲಿ ಬಹಳ ಜನ ಎಡವುವ ಒಂದು ಸೊಗಸಾದ ಜ್ಯಾಮಿತಿ ಇದೆ. ಬಲಸುತ್ತಿನ ರೆಕ್ಕೆಯನ್ನು ತಲೆಕೆಳಗು ಮಾಡಿ ಹಾಕಿದರೆ ಅದು ಎಡಸುತ್ತಿನ ರೆಕ್ಕೆ ಆಗುತ್ತದೆಯೇ? ಆಗುತ್ತದೆ ಎಂದೇ ಮೊದಲಿಗೆ ತೋರುತ್ತದೆ. ಆದರೆ ರೆಕ್ಕೆ ಎನ್ನುವುದು ಸ್ಕ್ರೂವಿನ ಒಂದು ತುಂಡು. ಸ್ಕ್ರೂವನ್ನು ಯಾವ ತುದಿಯಿಂದ ನೋಡಿದರೂ ಅದರ ಸುತ್ತು ಬದಲಾಗುವುದಿಲ್ಲ. ಬೋಲ್ಟ್‌ಗೆ ನಟ್ಟನ್ನು ಯಾವ ಮುಖದಿಂದ ಹಾಕಿದರೂ ಏರುವುದು ಒಂದೇ ದಿಕ್ಕಿಗೆ. ಹಾಗೆಯೇ ತಲೆಕೆಳಗಾದ ಬಲಸುತ್ತಿನ ರೆಕ್ಕೆ ಬಲಸುತ್ತಿನದಾಗಿಯೇ ಉಳಿಯುತ್ತದೆ. ಗಾಳಿಯನ್ನು ಕೆಳಗೇ ತಳ್ಳುತ್ತದೆ, ಆದರೆ ತೆಳು ಅಂಚು ಮುಂದಾಗಿ, ಉಬ್ಬು ಕೆಳಗಾಗಿ, ಹೆಣಗಾಡುತ್ತಾ ತಳ್ಳುತ್ತದೆ. ಡ್ರೋನ್ ಏಳಲೂಬಹುದು. ಎದ್ದರೂ ಆ ಮೋಟಾರು ಇತರ ಮೂರಕ್ಕಿಂತ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಇಳಿಸಿದ ಮೇಲೆ ಒಂದು ಮೋಟಾರು ಮಾತ್ರ ಮುಟ್ಟಲಾರದಷ್ಟು ಬಿಸಿ ಇದ್ದರೆ ಅದರ ಮೇಲಿನ ರೆಕ್ಕೆ ಯಾವ ಮುಖ ಮೇಲಾಗಿ ಕೂತಿದೆ ಎಂದು ಮೊದಲು ನೋಡಿ.

ಎಡದ ಮೋಟಾರಿಗೆ ಬಲದ ರೆಕ್ಕೆ ಹಾಕಿದರೆ ಕಥೆ ಬೇರೆ. ಆಗ ರೆಕ್ಕೆ ಗಾಳಿಯನ್ನು ಮೇಲಕ್ಕೆ ತಳ್ಳಿ ಆ ಮೂಲೆಯನ್ನು ಕೆಳಕ್ಕೆ ಒತ್ತುತ್ತದೆ. ಮೂಲೆ ವಾಲಿದ್ದನ್ನು ಜೈರೋಸ್ಕೋಪ್ ಗಮನಿಸುತ್ತದೆ. ನಿಯಂತ್ರಕಕ್ಕೆ ಗೊತ್ತಿರುವ ಪರಿಹಾರ ಒಂದೇ: ವಾಲಿದ ಮೂಲೆಯ ಮೋಟಾರಿಗೆ ಇನ್ನಷ್ಟು ವೇಗ ಕೊಡು. ಕೊಟ್ಟಷ್ಟೂ ಮೂಲೆ ಇನ್ನಷ್ಟು ಒತ್ತಿಹೋಗುತ್ತದೆ. ತಿದ್ದಬೇಕಾದ ಸೂತ್ರವೇ ತಪ್ಪನ್ನು ಬೆಳೆಸುತ್ತಾ ಹೋಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಡ್ರೋನ್ ಮಗುಚಿ ನೆಲವನ್ನು ಕೆತ್ತುತ್ತದೆ. ನಾಲ್ಕು ರೆಕ್ಕೆಯೂ ಅದಲುಬದಲಾಗಿದ್ದರೆ ಅದು ಅಬ್ಬರಿಸುತ್ತದೆಯೇ ಹೊರತು ಮೇಲೇಳುವುದಿಲ್ಲ. ಹೊಸ ರೆಕ್ಕೆ ಹಾಕಿದ ಮೇಲಿನ ಮೊದಲ ಹಾರಾಟಕ್ಕೆ ನಾಲ್ಕೈದು ಮೀಟರ್ ದೂರ ನಿಲ್ಲಿ ಎನ್ನುವುದು ಇದೇ ಕಾರಣಕ್ಕೆ. ಮಗುಚಿದ ಡ್ರೋನ್ ಹತ್ತಿರ ಓಡಿಹೋಗಿ ಎತ್ತಬಾರದು. ಮೊದಲು ರಿಮೋಟಿನಲ್ಲಿ ಮೋಟಾರು ನಿಲ್ಲಿಸಬೇಕು, ನಾಲ್ಕೂ ನಿಂತದ್ದನ್ನು ಕಣ್ಣಾರೆ ಕಾಣಬೇಕು, ಆಮೇಲೆ ಹತ್ತಿರ ಹೋಗಬೇಕು.

ಸರಿಯಾದ ರೆಕ್ಕೆ ಸರಿಯಾದ ಮೋಟಾರಿನ ಮೇಲೆ ಕೂತಿತು. ಅದು ಅಲ್ಲೇ ಉಳಿಯಬೇಕಲ್ಲ?

ಟೇಬಲ್ ಫ್ಯಾನ್ ಬಿಚ್ಚಿ ತೊಳೆದವರಿಗೆ ಒಂದು ವಿಚಿತ್ರ ನೆನಪಿರಬಹುದು. ರೆಕ್ಕೆಯ ಮುಂದಿರುವ ಪ್ಲಾಸ್ಟಿಕ್ ಟೋಪಿ ಎಲ್ಲ ನಟ್‌ಗಳಂತೆ ಎಡಕ್ಕೆ ತಿರುಗಿಸಿದರೆ ಬಿಚ್ಚುವುದಿಲ್ಲ, ಇನ್ನಷ್ಟು ಬಿಗಿಯುತ್ತದೆ. ಬಲಕ್ಕೆ ತಿರುಗಿಸಿದರೆ ಬಿಡುತ್ತದೆ. ಮುಂದಿನಿಂದ ನೋಡಿದರೆ ಆ ಫ್ಯಾನ್ ತಿರುಗುವುದು ಬಲಸುತ್ತು. ಗಾಳಿ ರೆಕ್ಕೆಯನ್ನು ಹಿಂದಕ್ಕೆ ಹಿಡಿಯುತ್ತದೆ, ಅಂದರೆ ಶಾಫ್ಟಿಗೆ ಹೋಲಿಸಿದರೆ ರೆಕ್ಕೆ ಎಡಕ್ಕೆ ಜಾರಲು ನೋಡುತ್ತದೆ. ಉಲ್ಟಾ ಥ್ರೆಡ್ ಇದ್ದರೆ ಆ ಜಾರಾಟವೇ ಟೋಪಿಯನ್ನು ಬಿಗಿಮಾಡುತ್ತದೆ. ಡಿಜೆಐ ಕಂಪನಿಯ ಫ್ಯಾಂಟಮ್ 2 ಮತ್ತು ಫ್ಯಾಂಟಮ್ 3 ಡ್ರೋನ್‌ಗಳ ರೆಕ್ಕೆಗಳು ಇದೇ ತತ್ವದ ಮೇಲಿದ್ದವು. ಎಡಸುತ್ತಿನ ಮೋಟಾರಿಗೆ ಸಾಮಾನ್ಯ ಥ್ರೆಡ್, ಬಲಸುತ್ತಿನ ಮೋಟಾರಿಗೆ ಉಲ್ಟಾ ಥ್ರೆಡ್. ಕೈಯಲ್ಲಿ ಸಾಧಾರಣ ಬಿಗಿ ಮಾಡಿದರೆ ಸಾಕು, ಹಾರುವಾಗ ತಾನೇ ಬಿಗಿದುಕೊಳ್ಳುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇತ್ತು: ಬಲದ ರೆಕ್ಕೆ ಎಡದ ಶಾಫ್ಟಿಗೆ ಏರುವುದೇ ಇಲ್ಲ, ತಪ್ಪು ಮಾಡಲು ಅವಕಾಶವೇ ಇಲ್ಲ.

ಆದರೆ ಬಿಗಿದುಕೊಳ್ಳುವುದು ಮೋಟಾರು ರೆಕ್ಕೆಯನ್ನು ಎಳೆದೊಯ್ಯುತ್ತಿರುವಾಗ ಮಾತ್ರ. ಮೋಟಾರು ಥಟ್ಟನೆ ವೇಗ ಇಳಿಸಿದರೆ ರೆಕ್ಕೆ ತನ್ನ ಜಡತ್ವದಿಂದ ಮುಂದಕ್ಕೇ ಓಡಲು ನೋಡುತ್ತದೆ, ಆಗ ಅದೇ ಥ್ರೆಡ್ ಸಡಿಲವಾಗುತ್ತದೆ. ಈಗಿನ ವೇಗ ನಿಯಂತ್ರಕಗಳು ಮೋಟಾರಿಗೆ ಬ್ರೇಕನ್ನೂ ಹಾಕುತ್ತವೆ. ಗಾಳಿಗೆ ತಕ್ಷಣ ಸ್ಪಂದಿಸಬೇಕಾದರೆ ಅದು ಬೇಕು. 2016ರಲ್ಲಿ ಬಂದ ಫ್ಯಾಂಟಮ್ 4ರಲ್ಲಿ ಥ್ರೆಡ್ ಬಿಟ್ಟು, ಒತ್ತಿ ತಿರುಗಿಸಿ ಕೊಂಡಿ ಹಾಕುವ ಬಗೆ ಬಂತು. ಇಂದಿನ ಎಷ್ಟೋ ಕ್ಯಾಮೆರಾ ಡ್ರೋನ್‌ಗಳದ್ದು ಅದೇ ದಾರಿ. ರೆಕ್ಕೆಯ ನಡುಭಾಗವನ್ನು ಕೆಳಗೆ ಒತ್ತಿ ಹಿಡಿದು, ಬೀಗದ ಗುರುತು ತೋರಿಸುವ ಕಡೆಗೆ ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಮೇಲಕ್ಕೆ ನೂಕಿ ಹಿಡಿದುಕೊಳ್ಳುತ್ತದೆ. ಕೂತಂತೆ ಕಾಣುವುದು ಬೇರೆ, ಕೂರುವುದು ಬೇರೆ. ಕೊಂಡಿಯಲ್ಲಿ ಒಂದು ಮರಳಿನ ಕಣ ಸಿಕ್ಕಿದ್ದರೂ ಅರ್ಧಕ್ಕೆ ನಿಂತಿರುತ್ತದೆ. ಒತ್ತದೆ ಒಮ್ಮೆ ಹಿಂದಕ್ಕೆ ತಿರುಗಿಸಿ ನೋಡಿ, ನಡುಭಾಗ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ. ಎರಡಕ್ಕೂ ಜಗ್ಗದಿದ್ದರೆ ಅದು ಕೂತಿದೆ. ತೆಗೆಯುವಾಗ ಮತ್ತೆ ಕೆಳಗೆ ಒತ್ತಿಯೇ ತಿರುಗಿಸಬೇಕು. ಬಲವಂತವಾಗಿ ತಿರುಚಿದರೆ ಕೊಂಡಿಯ ಹಲ್ಲು ಮುರಿಯುತ್ತದೆ.

ರೇಸಿಂಗ್ ಡ್ರೋನ್ ಕಟ್ಟುವ ಹುಡುಗರ ಲೋಕದಲ್ಲಿ ಇನ್ನೂ ನಟ್‌ಗಳದ್ದೇ ರಾಜ್ಯ. ಐದು ಮಿಲಿಮೀಟರ್ ಶಾಫ್ಟ್, ಅದರ ಮೇಲೆ ನೈಲಾನ್ ಬಳೆ ಕೂರಿಸಿದ ಲಾಕ್ ನಟ್, ಬಿಗಿಯಲು ಎಂಟು ಮಿಲಿಮೀಟರ್ ಸ್ಪ್ಯಾನರ್. ಈಗಿನ ಬಹುಪಾಲು ಮೋಟಾರುಗಳಲ್ಲಿ ನಾಲ್ಕಕ್ಕೂ ಸಾಮಾನ್ಯ ಥ್ರೆಡ್ಡೇ ಇರುವುದರಿಂದ ಬಲಸುತ್ತಿನ ಎರಡು ಮೋಟಾರುಗಳ ಮೇಲಿನ ನಟ್ಟು ವೇಗ ಏರಿದಾಗೆಲ್ಲ ಬಿಚ್ಚುವ ಕಡೆಗೇ ನೂಕಿಸಿಕೊಳ್ಳುತ್ತಿರುತ್ತದೆ. ಅದನ್ನು ಹಿಡಿದಿಡುವುದು ಆ ನೈಲಾನ್ ಬಳೆಯ ಬಿಗಿ ಮತ್ತು ಮೋಟಾರಿನ ತಲೆಗೆ ರೆಕ್ಕೆ ಒತ್ತಿಕೊಂಡಿರುವ ಘರ್ಷಣೆ. ಹಲವು ಸಲ ಹಾಕಿ ತೆಗೆದ ಮೇಲೆ ನೈಲಾನ್ ಸವೆಯುತ್ತದೆ. ನಟ್ಟು ಬರಿ ಬೆರಳಿನಲ್ಲೇ ಕೊನೆಯವರೆಗೆ ಇಳಿಯತೊಡಗಿದರೆ ಅದರ ಆಯಸ್ಸು ಮುಗಿಯಿತು, ಹೊಸದು ಹಾಕಿ. ಬಿಗಿಯುವಾಗ ಒಂದು ಕೈಯಲ್ಲಿ ಮೋಟಾರಿನ ತಿರುಗುವ ಹೊರಕವಚವನ್ನು ಹಿಡಿಯಬೇಕು, ಅಲಗನ್ನಲ್ಲ. ಸ್ಪ್ಯಾನರ್ ಜಾರಿದರೆ ಅಲಗಿನ ಅಂಚೇ ಬೆರಳು ಕುಯ್ಯುತ್ತದೆ. ಕಾರ್ಬನ್ ಫೈಬರ್ ರೆಕ್ಕೆಯಾದರೆ ಇನ್ನೂ ಹರಿತ. ಎಷ್ಟು ಬಿಗಿ? ಕವಚ ಹಿಡಿದು ರೆಕ್ಕೆಯನ್ನು ತಿರುಚಿದರೆ ಜಾರಬಾರದು, ಅಷ್ಟು. ಅದಕ್ಕೂ ಮೀರಿ ಬಲ ಹಾಕಿದರೆ ನಡುಭಾಗ ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತದೆ. ಬಿಚ್ಚಿಹೋಗದಿರಲೆಂದು ಥ್ರೆಡ್ ಲಾಕರ್ ಅಂಟನ್ನು ಸುರಿಯುವವರಿದ್ದಾರೆ. ಅದು ಲೋಹಕ್ಕೆ ಮಾಡಿದ್ದು. ಪಾಲಿಕಾರ್ಬನೇಟ್ ಪ್ಲಾಸ್ಟಿಕ್‌ಗೆ ತಾಗಿದರೆ ಅದನ್ನು ಸೀಳಿಸಿಬಿಡುತ್ತದೆ.

ತಿರುಗುವ ಶಾಫ್ಟಿನ ಮೇಲೆ ಏನನ್ನಾದರೂ ಸಡಿಲವಾಗದಂತೆ ಕೂರಿಸುವ ಕಷ್ಟ ವಿಮಾನದಷ್ಟೇ ಹಳೆಯದು. 1903ರ ನವೆಂಬರಿನಲ್ಲಿ ರೈಟ್ ಸಹೋದರರು ಎಂಜಿನ್ ಓಡಿಸಿ ನೋಡಿದಾಗಲೆಲ್ಲ ಪ್ರೊಪೆಲ್ಲರ್ ಶಾಫ್ಟಿನ ಸ್ಪ್ರಾಕೆಟ್‌ಗಳು ಅಲುಗಾಡಿ ಸಡಿಲವಾಗುತ್ತಿದ್ದವು. ಕೊನೆಗೆ ಅವರ ಕೈಹಿಡಿದದ್ದು ಸೈಕಲ್ ಅಂಗಡಿಯಲ್ಲಿ ಟೈರು ಕೂರಿಸಲು ಬಳಸುತ್ತಿದ್ದ ಗಟ್ಟಿ ಅಂಟು. ಆಮೇಲೆ ಶಾಫ್ಟೇ ಬಿರುಕುಬಿಟ್ಟು, ಸಹೋದರರಲ್ಲೊಬ್ಬರಾದ ಆರ್ವಿಲ್ ತಮ್ಮೂರು ಡೇಟನ್‌ಗೆ ಹೋಗಿ ಹೊಸ ಉಕ್ಕಿನ ಶಾಫ್ಟು ಮಾಡಿಸಿ ತಂದ ನಂತರವೇ ಡಿಸೆಂಬರ್ 17ರ ಹಾರಾಟ ನಡೆದದ್ದು. ಅವರ ವಿಮಾನದ ಎರಡು ಪ್ರೊಪೆಲ್ಲರ್‌ಗಳೂ ಎದುರುಬದುರು ದಿಕ್ಕಿಗೆ ತಿರುಗುತ್ತಿದ್ದವು. ಒಂದರ ಚೈನನ್ನು ಎಂಟರ ಆಕಾರದಲ್ಲಿ ಅಡ್ಡಹಾಯಿಸಿ ಅದನ್ನು ಸಾಧಿಸಿದ್ದರು.

ಮಡಚುವ ಪುಟ್ಟ ಡ್ರೋನ್‌ಗಳಲ್ಲಿ ಪ್ರತಿ ಅಲಗಿಗೂ ಬೇರೆ ಸಣ್ಣ ಸ್ಕ್ರೂ ಇರುತ್ತದೆ. ಇಲ್ಲಿ ಗಮನಿಸಬೇಕಾದ್ದು ಎರಡು. ಬಿಗಿದ ಮೇಲೂ ಅಲಗು ಸಲೀಸಾಗಿ ಆಚೀಚೆ ಆಡಬೇಕು, ಏಕೆಂದರೆ ತಿರುಗುವಾಗ ಹೊರಮುಖ ಎಳೆತವೇ ಅದನ್ನು ನೇರವಾಗಿ ನಿಲ್ಲಿಸುವುದು. ಸಿಕ್ಕಿಕೊಂಡ ಅಲಗು ಓರೆಯಾಗಿಯೇ ತಿರುಗಿ ನಡುಕ ತರುತ್ತದೆ. ಮತ್ತೆ, ಒಂದು ಅಲಗು ಮುರಿದರೆ ಜೋಡಿಯನ್ನೇ ಬದಲಿಸಬೇಕು, ಪೊಟ್ಟಣದಲ್ಲಿ ಬಂದ ಹೊಸ ಸ್ಕ್ರೂಗಳನ್ನೇ ಹಾಕಬೇಕು.

ಈ ಲೇಖನದಲ್ಲಿ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದದ್ದು ಇನ್ನೂ ಬಂದಿಲ್ಲ. ರೆಕ್ಕೆ ಮತ್ತು ಬ್ಯಾಟರಿ ಎರಡೂ ಒಟ್ಟಿಗೆ ಡ್ರೋನ್ ಮೇಲೆ ಇರಬೇಕಾದ್ದು ಹಾರಿಸುವ ಹೊತ್ತಿನಲ್ಲಿ ಮಾತ್ರ. ಮೇಜಿನ ಮೇಲೆ ರಿಮೋಟ್ ಜೋಡಿಸುವುದಿರಲಿ, ಸಾಫ್ಟ್‌ವೇರ್ ಬದಲಿಸುವುದಿರಲಿ, ಮೋಟಾರು ಯಾವ ಕಡೆ ತಿರುಗುತ್ತದೆ ಎಂದು ನೋಡುವುದಿರಲಿ, ರೆಕ್ಕೆ ಬಿಚ್ಚಿಟ್ಟೇ ಮಾಡಬೇಕು. ಹವ್ಯಾಸಿಗಳು ಬಳಸುವ ಬೀಟಾಫ್ಲೈಟ್ ತಂತ್ರಾಂಶದಲ್ಲಿ ಮೋಟಾರು ಪರೀಕ್ಷಿಸುವ ಪುಟ ತೆರೆದರೆ, ಅಪಾಯ ಅರ್ಥವಾಗಿದೆ, ರೆಕ್ಕೆ ತೆಗೆದಿದ್ದೇನೆ ಎಂದು ಒಪ್ಪಿಕೊಳ್ಳುವವರೆಗೆ ಅದು ಮೋಟಾರು ತಿರುಗಿಸಲು ಬಿಡುವುದಿಲ್ಲ.

ಇಷ್ಟು ಕಟ್ಟುನಿಟ್ಟು ಏಕೆಂದರೆ ಮೋಟಾರು ಓಡಲು ಮನುಷ್ಯನ ಬೆರಳೇ ಬೇಕೆಂದಿಲ್ಲ. ರಿಮೋಟಿನ ಸಂಪರ್ಕ ತಪ್ಪಿದಾಗ ಏನು ಮಾಡಬೇಕು ಎಂಬ ಸೂಚನೆ ತಪ್ಪಾಗಿ ಬರೆದಿದ್ದರೆ ರಿಮೋಟ್ ಆರಿಸಿದ ಕ್ಷಣವೇ ಮೋಟಾರು ಎದ್ದೀತು. ಇನ್ನೊಂದು ಸೂಕ್ಷ್ಮವಿದೆ, ಅದು ತಿಳಿಯದವರಿಗೆ ಬಹಳ ಅಪಾಯಕಾರಿ. ಹಾರಾಟ ನಿಯಂತ್ರಕವು ತಾನು ಹೇಳಿದಂತೆ ಮೈ ತಿರುಗಿತೇ ಎಂದು ಸದಾ ನೋಡುತ್ತಿರುತ್ತದೆ. ತಿರುಗದಿದ್ದರೆ ಆ ಕೊರತೆಯನ್ನು ಕೂಡಿಸುತ್ತಾ ಹೋಗಿ ಮೋಟಾರಿಗೆ ಹೆಚ್ಚು ಹೆಚ್ಚು ಶಕ್ತಿ ಕೊಡುತ್ತದೆ. ಗಾಳಿಯಲ್ಲಿ ಈ ಗುಣ ಬೀಸುಗಾಳಿಯನ್ನು ಎದುರಿಸಲು ಬೇಕು. ಅದೇ ಡ್ರೋನನ್ನು ಮೇಜಿಗೆ ಅದುಮಿ ಹಿಡಿದು ಮೋಟಾರು ಚಾಲೂ ಮಾಡಿದರೆ ಮೈ ತಿರುಗಲಾರದು, ಕೊರತೆ ಕೂಡುತ್ತಲೇ ಹೋಗುತ್ತದೆ, ಥ್ರಾಟಲ್ ತಗ್ಗಿನಲ್ಲೇ ಇದ್ದರೂ ಮೋಟಾರು ತಾನಾಗಿ ಪೂರ್ಣ ವೇಗಕ್ಕೆ ಏರುತ್ತದೆ. ಕೈಯಲ್ಲಿ ಹಿಡಿದವರಿಗೆ ಅದು ಹುಚ್ಚು ಹಿಡಿದಂತೆ ಕಾಣುತ್ತದೆ. ಅದು ತನ್ನ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ.

ಹಾಗಾಗಿ ಕ್ರಮ ಹೀಗೆ: ಬಯಲಿಗೆ ಹೋದ ಮೇಲೆ ಬ್ಯಾಟರಿ ಇಲ್ಲದ ಡ್ರೋನ್‌ಗೆ ರೆಕ್ಕೆ ಹಾಕಿ, ಪರೀಕ್ಷಿಸಿ, ರಿಮೋಟ್ ಚಾಲೂ ಮಾಡಿ, ಕೊನೆಗೆ ಬ್ಯಾಟರಿ. ಇಳಿದ ಮೇಲೆ ಮೋಟಾರು ನಿಲ್ಲಿಸಿ, ಬ್ಯಾಟರಿ ತೆಗೆದು, ಆಮೇಲಷ್ಟೇ ರೆಕ್ಕೆಗೆ ಕೈ. ಮದುವೆ ಮಂಟಪದ ಅಂಗಳದಲ್ಲಿ ಜಾಗ ಸಾಲದೆಂದು ಕೆಲವರು ಇಳಿಯುವ ಡ್ರೋನನ್ನು ಕೈಯಲ್ಲೇ ಹಿಡಿಯುತ್ತಾರೆ. ರೆಕ್ಕೆ ಮುಖದ ಎತ್ತರದಲ್ಲಿ ತಿರುಗುತ್ತಿರುತ್ತದೆ, ಸುತ್ತ ಮಕ್ಕಳಿರುತ್ತಾರೆ. ಒಂದು ಜಮಖಾನೆ ಹಾಸುವಷ್ಟು ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಅಷ್ಟು ಕಷ್ಟವಲ್ಲ.

ಹೊಲದಲ್ಲಿ ಔಷಧಿ ಸಿಂಪಡಿಸುವ ಡ್ರೋನ್‌ಗಳ ಮಾತು ಇನ್ನೂ ಗಂಭೀರ. ಅವುಗಳ ರೆಕ್ಕೆ 30 ಇಂಚು ಇರುವುದೂ ಉಂಟು. ನಿಮಿಷಕ್ಕೆ 3,000 ಸುತ್ತು ಎಂದು ಹಿಡಿದರೂ ತುದಿ ಸೆಕೆಂಡಿಗೆ ಸುಮಾರು 120 ಮೀಟರ್ ಓಡುತ್ತದೆ. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯ ಗುರಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಇಂಥ ಡ್ರೋನ್ ಕೊಡುವುದು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೂ ಇವನ್ನು ಹಾರಿಸುತ್ತಿದ್ದಾರೆ, ಅದು ಹೆಮ್ಮೆಯ ಸಂಗತಿ. ಟ್ಯಾಂಕು ತುಂಬಲು, ಬ್ಯಾಟರಿ ಬದಲಿಸಲು ದಿನಕ್ಕೆ ಹತ್ತಾರು ಸಲ ಅವರು ರೆಕ್ಕೆಗಳ ನಡುವೆ ಕೈ ಹಾಕಬೇಕು. ಸಡಿಲ ಸೆರಗು, ವೇಲು, ಬಿಟ್ಟ ಜಡೆ ಹತ್ತಿರ ಸುಳಿಯಬಾರದು. ಅಲಗಿನ ಮೇಲೆ ಕೀಟನಾಶಕದ ಪೊರೆ ಕೂತಿರುವುದರಿಂದ ಕೈಗವಸು ಇಲ್ಲದೆ ಒರೆಸಬಾರದು.

ರೆಕ್ಕೆ ತೆಗೆದಾಗ ಅದನ್ನು ನೋಡುವುದಕ್ಕೂ ಅದೇ ಒಳ್ಳೆಯ ಹೊತ್ತು. ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಕಚ್ಚು ಇದೆಯೇ, ಬುಡದಲ್ಲಿ ಪ್ಲಾಸ್ಟಿಕ್ ಬೆಳ್ಳಗಾಗಿದೆಯೇ, ನಡುತೂತಿನ ಸುತ್ತ ಕೂದಲೆಳೆಯ ಗೆರೆ ಇದೆಯೇ? ಬಾಗಿ ನೆಟ್ಟಗಾದ ಪ್ಲಾಸ್ಟಿಕ್ ಬೆಳ್ಳಗಾದ ಕಡೆ ಒಳಗೇ ದಣಿದಿರುತ್ತದೆ. ತುಂಡು ಹಾರಿದ್ದು ಚೂರೇ ಎನ್ನಿಸಬಹುದು. ಮಧ್ಯದಿಂದ 5 ಸೆಂಟಿಮೀಟರ್ ದೂರದಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಭಾಗ ಕಳೆದುಹೋಗಿದೆ ಎಂದುಕೊಳ್ಳಿ. ನಿಮಿಷಕ್ಕೆ 6,000 ಸುತ್ತಿನಲ್ಲಿ ಆ ಅಸಮತೋಲ 200 ಗ್ರಾಂ ತೂಕದಷ್ಟು ಬಲದಿಂದ ಮೋಟಾರಿನ ಬೇರಿಂಗನ್ನು ಸೆಕೆಂಡಿಗೆ 100 ಸಲ ಜಗ್ಗುತ್ತದೆ. ವಿಡಿಯೋ ಅಲೆಅಲೆಯಾಗಿ ಬರುವುದು ಆಗ. ಜೈರೋಸ್ಕೋಪ್ ಹಾದಿ ತಪ್ಪುವುದೂ ಆಗ. 1908ರ ಸೆಪ್ಟೆಂಬರ್ 17ರಂದು ಅಮೆರಿಕದ ಫೋರ್ಟ್ ಮೈಯರ್‌ನಲ್ಲಿ ಆರ್ವಿಲ್ ರೈಟ್ ಹಾರಿಸುತ್ತಿದ್ದ ವಿಮಾನದ ಒಂದು ಪ್ರೊಪೆಲ್ಲರ್ ಬಿರುಕುಬಿಟ್ಟು ಅದುರತೊಡಗಿ, ಚುಕ್ಕಾಣಿಯ ತಂತಿಯನ್ನು ಕಡಿಯಿತು. ಜೊತೆಗಿದ್ದ ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ಎಂಜಿನ್ ವಿಮಾನದ ಅಪಘಾತದಲ್ಲಿ ಸತ್ತ ಮೊದಲಿಗರಾದರು.

ಡ್ರೋನ್‌ನ ಅಗ್ಗದ ಭಾಗಗಳಲ್ಲಿ ರೆಕ್ಕೆಯೂ ಒಂದು. ಕಚ್ಚು ಬಿದ್ದದ್ದನ್ನು ಇನ್ನೊಂದು ಸಲಕ್ಕೆ ಆದೀತು ಎಂದು ಚೀಲದಲ್ಲಿ ಉಳಿಸಬೇಡಿ. ಬಿಸಾಡುವ ಮುನ್ನ ಅದನ್ನು ಎರಡು ತುಂಡು ಮಾಡಿ, ಅವಸರದಲ್ಲಿ ಮತ್ತೆ ಯಾರ ಕೈಗೂ ಸಿಕ್ಕಿ ಅದು ಮೋಟಾರಿನ ಮೇಲೆ ಏರದಿರಲಿ.